ಪಿಎಚ್‌ಪಿ ಬರೆದಿಟ್ಟ ಸೆಷನ್ ಇನ್ನೊಂದು ಆಪ್‌ಗೆ ಓದಲು ಸಿಗದಿದ್ದಾಗ: ದೋಷ ಹುಡುಕುವ ಕ್ರಮ

ಹೆಸರನ್ನು ಇಂಗ್ಲಿಷಿನಲ್ಲಿ ಇಟ್ಟುಕೊಂಡವರಿಗೆ ಎಲ್ಲವೂ ಸರಿಯಾಗಿತ್ತು. ಪ್ರೊಫೈಲ್‌ನಲ್ಲಿ ಹೆಸರನ್ನು ಕನ್ನಡಕ್ಕೆ ಬದಲಿಸಿಕೊಂಡವರಿಗೆ ಮಾತ್ರ, ಪೋರ್ಟಲ್‌ಗೆ ಲಾಗಿನ್ ಆಗಿದ್ದರೂ, ಪುಟದ ಮೂಲೆಯ ಸೂಚನೆಗಳ ಚೌಕದಲ್ಲಿ ‘ಮೊದಲು ಲಾಗಿನ್ ಆಗಿ’ ಎಂದು ಬರುತ್ತಿತ್ತು. ಪೋರ್ಟಲ್ ಹಳೆಯದು, ಪಿಎಚ್‌ಪಿಯಲ್ಲಿ ಬರೆದದ್ದು. ಸೂಚನೆಗಳ ಸರ್ವರ್ ಹೊಸದು, ನೋಡ್‌ನಲ್ಲಿ, ಅಂದರೆ ಸರ್ವರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್‌ನಲ್ಲಿ, ಬರೆದದ್ದು. ಎರಡೂ ಒಂದೇ ಯಂತ್ರದಲ್ಲಿದ್ದವು. ನೋಡ್ ಸರ್ವರ್ ತನಗೆ ಬಂದ ಕುಕಿಯಿಂದ (ಬ್ರೌಸರ್ ಪ್ರತಿ ಸಲವೂ ಕಳಿಸುವ ಪುಟ್ಟ ಗುರುತು) ಸೆಷನ್ ಐಡಿ ತೆಗೆದುಕೊಂಡು, ಪಿಎಚ್‌ಪಿ ಬರೆದಿಟ್ಟ ಸೆಷನ್ (ಲಾಗಿನ್ ಆದವರ ವಿವರಗಳ ದಾಖಲೆ) ತೆರೆದು, ಬಂದವರು ಯಾರೆಂದು ತಿಳಿದುಕೊಳ್ಳಬೇಕಿತ್ತು.

ಕಾರಣ ಸಿಗಲು ಎರಡು ದಿನ ಬೇಕಾಯಿತು. ಮೊದಲ ದಿನ ಕುಕಿಯ ಸೆಟ್ಟಿಂಗ್, ಫೈಲ್ ಅನುಮತಿ, ರಿವರ್ಸ್ ಪ್ರಾಕ್ಸಿ ಎಂದು ಸಿಕ್ಕಲ್ಲೆಲ್ಲ ಕೈಹಾಕಿದೆವು. ಒಂದನ್ನು ಬದಲಿಸಿದರೆ ಇನ್ನೊಂದು ಕೆಡುತ್ತಿತ್ತು; ಮೊದಲಿನಿಂದ ಇದ್ದ ದೋಷ ಯಾವುದು, ನಾವು ಸೇರಿಸಿದ್ದು ಯಾವುದು ಎಂಬುದೇ ತಿಳಿಯದಾಯಿತು. ಎರಡನೇ ದಿನ ಎಲ್ಲವನ್ನೂ ಹಿಂದಿನ ಸ್ಥಿತಿಗೆ ತಂದು, ನಾಲ್ಕು ಪ್ರಶ್ನೆಗಳನ್ನು ಸಾಲಾಗಿ ಕೇಳಿಕೊಂಡೆವು. ಎರಡೂ ಆಪ್‌ಗಳ ಕೈಯಲ್ಲಿರುವುದು ಒಂದೇ ಐಡಿಯೇ? ಆ ಐಡಿಯ ಡೇಟಾ ಎಲ್ಲಿದೆ? ಯಾವ ರೂಪದಲ್ಲಿ ಬರೆದಿದೆ? ನಾವು ಓದಿದ ಗಳಿಗೆಗೆ ಅದನ್ನು ಬರೆದು ಮುಗಿದಿತ್ತೇ? ಒಂದಕ್ಕೆ ಕಣ್ಣಾರೆ ಉತ್ತರ ಕಾಣುವವರೆಗೆ ಮುಂದಿನದಕ್ಕೆ ಹೋಗಲಿಲ್ಲ. ಸಂಜೆಯೊಳಗೆ ದೋಷ ಸಿಕ್ಕಿತು. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆಜ್ಞೆ ಮತ್ತು ಸೆಟ್ಟಿಂಗ್‌ಗಳ ಹೆಸರು ಇಲ್ಲಿ ಕನ್ನಡ ಲಿಪಿಯಲ್ಲಿವೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ.

ಮೊದಲು ಪಿಎಚ್‌ಪಿಯನ್ನೇ ಕೇಳಿ

ಟರ್ಮಿನಲ್‌ನಲ್ಲಿ ‘ಪಿಎಚ್‌ಪಿ -ಐ’ ಎಂದು ಹೊಡೆದು, ಅಲ್ಲಿ ಕಂಡ ಸೇವ್ ಪಾತ್ (ಸೆಷನ್ ಇಡುವ ಜಾಗ) ನಂಬಿಕೊಂಡು ಹೊರಟರೆ ದಾರಿ ತಪ್ಪುವ ಸಂಭವ ಹೆಚ್ಚು. ಡೆಬಿಯನ್, ಉಬುಂಟುಗಳಲ್ಲಿ ಟರ್ಮಿನಲ್‌ನ ಪಿಎಚ್‌ಪಿಗೆ ಒಂದು ಪಿಎಚ್‌ಪಿ.ಐಎನ್‌ಐ ಫೈಲ್, ವೆಬ್‌ಗೆ ಕೆಲಸ ಮಾಡುವ ಎಫ್‌ಪಿಎಂಗೆ ಬೇರೆಯದೇ ಫೈಲ್. ಎಫ್‌ಪಿಎಂನ ಪೂಲ್ ಕಾನ್ಫಿಗ್ ಅದನ್ನೂ ಬದಲಿಸಬಹುದು. ಅದರ ಮೇಲೆ ಆಪ್ ಕೋಡ್ ಒಳಗೆ ಯಾರೋ ಸೆಷನ್ ಹೆಸರು ಮತ್ತು ಜಾಗವನ್ನು ಓಡುವ ಹೊತ್ತಿಗೇ ಬದಲಿಸಿರಬಹುದು. ನಮ್ಮಲ್ಲಿ ಹಾಗೇ ಆಗಿತ್ತು. ಹಲವು ವರ್ಷ ಹಿಂದೆ ಬರೆದ ಒಂದು ಇನ್‌ಕ್ಲೂಡ್ ಫೈಲ್‌ನಲ್ಲಿ ಸೆಷನ್_ನೇಮ್ ಬದಲಾಗಿತ್ತು, ಹೀಗಾಗಿ ಕುಕಿಯ ಹೆಸರು ಎಲ್ಲರಿಗೂ ಗೊತ್ತಿರುವ ‘ಪಿಎಚ್‌ಪಿ-ಸೆಸ್-ಐಡಿ’ ಆಗಿರಲೇ ಇಲ್ಲ.

ಆದ್ದರಿಂದ ಪೋರ್ಟಲ್ ಒಳಗೇ ಒಂದು ತಾತ್ಕಾಲಿಕ ಪುಟ ಮಾಡಿ. ಉಳಿದ ಪುಟಗಳು ಸೇರಿಸಿಕೊಳ್ಳುವ ಆರಂಭದ ಫೈಲನ್ನೇ ಇದೂ ಸೇರಿಸಿಕೊಳ್ಳಲಿ. ಸೆಷನ್ ಶುರುವಾದ ಮೇಲೆ ಐಡಿ, ಸೆಷನ್ ಹೆಸರು, ಸೇವ್ ಪಾತ್, ಸೇವ್ ಹ್ಯಾಂಡ್ಲರ್ (ಇಡುವ ವಿಧಾನ), ಸೀರಿಯಲೈಜ್ ಹ್ಯಾಂಡ್ಲರ್ (ಬರೆಯುವ ರೂಪ), ಜಿಸಿ ಮ್ಯಾಕ್ಸ್ ಲೈಫ್‌ಟೈಮ್ (ಸೆಷನ್ ಉಳಿಯುವ ಅವಧಿ) ಈ ಆರನ್ನು ಮುದ್ರಿಸಲಿ. ಆ ಆರು ಸಾಲುಗಳನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ಮುಂದಿನ ಪರೀಕ್ಷೆಗಳಿಗೆಲ್ಲ ಅದೇ ಆಧಾರ. ಪುಟವನ್ನು ನಿಮ್ಮ ಐಪಿ ವಿಳಾಸಕ್ಕೆ ಮಾತ್ರ ತೆರೆದಿಡಿ. ಸೆಷನ್ ಐಡಿ ಯಾರ ಕೈಗೆ ಸಿಕ್ಕರೂ ಅವರು ಆ ಬಳಕೆದಾರರಾಗಿ ಒಳಗೆ ಬರಬಹುದು, ಪಾಸ್‌ವರ್ಡ್ ಬೇಕಾಗಿಲ್ಲ.

ಐಡಿ ಒಂದೇ ಇದೆಯೇ?

ನೋಡ್ ಕಡೆ, ಬಂದ ರಿಕ್ವೆಸ್ಟ್‌ನ ಕುಕಿ ಹೆಡರ್ ಅನ್ನು ಹಾಗ್ಹಾಗೇ ನೋಡಿ. ಲೈಬ್ರರಿ ಬಿಡಿಸಿ ಕೊಟ್ಟದ್ದು ಬೇಡ, ಕಚ್ಚಾ ಹೆಡರ್ ಬೇಕು. ಪರೀಕ್ಷೆಗೆ ನಿಮ್ಮದೇ ಖಾತೆ ಬಳಸಿ.

ಹೆಡರ್‌ನಲ್ಲಿ ಕುಕಿ ಇಲ್ಲವೇ ಇಲ್ಲ ಎಂದಾದರೆ ವಿಳಾಸ ನೋಡಿ. ಕುಕಿಗೆ ಪೋರ್ಟ್ ಸಂಖ್ಯೆಯ ಭೇದ ಇಲ್ಲ. 80ರಲ್ಲಿ ಇಟ್ಟ ಕುಕಿ ಅದೇ ಹೋಸ್ಟ್‌ನ 3000ಕ್ಕೂ ಹೋಗುತ್ತದೆ. ಆದರೆ ಲೋಕಲ್‌ಹೋಸ್ಟ್ ಮತ್ತು 127.0.0.1 ಒಂದೇ ಯಂತ್ರವಾದರೂ ಬ್ರೌಸರ್‌ಗೆ ಎರಡು ಬೇರೆ ಹೋಸ್ಟ್. ಒಂದರ ಕುಕಿ ಇನ್ನೊಂದಕ್ಕೆ ಹೋಗದು. ಡೆವಲಪ್‌ಮೆಂಟ್ ಯಂತ್ರದಲ್ಲಿ ಇದೊಂದೇ ಕಾರಣಕ್ಕೆ ಅರ್ಧ ದಿನ ಕಳೆದವರನ್ನು ನೋಡಿದ್ದೇನೆ. ಸಬ್‌ಡೊಮೇನ್ ಬೇರೆಯಾಗಿದ್ದರೆ, ಕುಕಿ ಇಡುವಾಗಲೇ ಡೊಮೇನ್ ಅನ್ನು ಮೂಲ ಡೊಮೇನ್‌ಗೆ ಹಾಕಿರಬೇಕು. ಸೈಟೇ ಬೇರೆಯಾಗಿದ್ದರೆ, ಬೇರೆ ಸೈಟಿನಿಂದ ಹೊರಟ ಕರೆಯ ಜತೆ ಕುಕಿ ಹೋಗಬಹುದೇ ಎಂದು ನಿರ್ಧರಿಸುವ ಸೇಮ್‌ಸೈಟ್ ಗುಣ ಅಡ್ಡ ಬರುತ್ತದೆ. ಸೇಮ್‌ಸೈಟ್ ನಮೂದಿಸದ ಕುಕಿಯನ್ನು ‘ಲ್ಯಾಕ್ಸ್’ ಎಂದೇ ಭಾವಿಸುವ ಪದ್ಧತಿ ಕ್ರೋಮ್ 80ರಿಂದ, ಅಂದರೆ 2020ರಿಂದ ಬಂತು. ಪಿಎಚ್‌ಪಿಯಲ್ಲಿ ಅದನ್ನು ನಮೂದಿಸುವ ಸೆಟ್ಟಿಂಗ್ 7.3ರಿಂದ ಇದೆ. ಜಾವಾಸ್ಕ್ರಿಪ್ಟ್‌ನ ಫೆಚ್‌ನಿಂದ ಬೇರೆ ಸಬ್‌ಡೊಮೇನ್ ಕರೆಯುತ್ತಿದ್ದರೆ ಕ್ರೆಡೆನ್ಷಿಯಲ್ಸ್ ಆಯ್ಕೆಯನ್ನು ‘ಇನ್‌ಕ್ಲೂಡ್’ ಮಾಡದೆ ಕುಕಿ ಹೊರಡುವುದೇ ಇಲ್ಲ.

ಕುಕಿ ಬಂದಿದೆ, ಐಡಿ ಮಾತ್ರ ಹಾಳೆಯ ಮೇಲಿನದಕ್ಕೆ ಹೊಂದುತ್ತಿಲ್ಲ ಎಂದಾದರೆ ಹೆಡರ್‌ನಲ್ಲಿ ಅದೇ ಹೆಸರಿನ ಕುಕಿ ಎರಡು ಸಲ ಇದೆಯೇ ನೋಡಿ. ಹಿಂದೊಮ್ಮೆ ಡೊಮೇನ್ ಇಲ್ಲದೆ, ಆಮೇಲೆ ಡೊಮೇನ್ ಹಾಕಿ ಕುಕಿ ಇಟ್ಟಿದ್ದರೆ ಬ್ರೌಸರ್ ಎರಡನ್ನೂ ಕಳಿಸುತ್ತದೆ. ಪಿಎಚ್‌ಪಿ ಮೊದಲನೆಯದನ್ನು ಹಿಡಿಯುತ್ತದೆ. ಪೈಥಾನ್‌ನ ಸಿಂಪಲ್‌ಕುಕಿ ಕೊನೆಯದನ್ನು ಹಿಡಿಯುತ್ತದೆ. ಇಬ್ಬರೂ ಒಂದೇ ಹೆಡರ್ ಓದಿ ಎರಡು ಬೇರೆ ಐಡಿ ಹೇಳುತ್ತಾರೆ. ಇನ್ನೊಂದು ಕಾರಣ, ಲಾಗಿನ್ ಆದ ಕೂಡಲೇ ಪಿಎಚ್‌ಪಿ ಐಡಿಯನ್ನು ಹೊಸದಾಗಿಸುವುದು. ಅದು ಒಳ್ಳೆಯ ಅಭ್ಯಾಸ, ತೆಗೆಯಬೇಡಿ. ಆದರೆ ಲಾಗಿನ್‌ಗೆ ಮುಂಚೆಯೇ ತೆರೆದಿದ್ದ ವೆಬ್‌ಸಾಕೆಟ್ (ಬ್ರೌಸರ್ ಮತ್ತು ಸರ್ವರ್ ನಡುವೆ ತೆರೆದೇ ಇರುವ ಸಂಪರ್ಕ) ಕೈಯಲ್ಲಿ ಹಳೆಯ ಐಡಿಯೇ ಉಳಿದಿರುತ್ತದೆ. ಲಾಗಿನ್ ಆದ ಮೇಲೆ ಸಾಕೆಟ್ ಮುಚ್ಚಿ ಮತ್ತೆ ತೆರೆಯಬೇಕು.

ಡೇಟಾ ಎಲ್ಲಿದೆ?

ಪಿಎಚ್‌ಪಿಯ ಡೀಫಾಲ್ಟ್ ಹ್ಯಾಂಡ್ಲರ್ ಫೈಲ್ಸ್. ಒಂದು ಸೆಷನ್‌ಗೆ ಒಂದು ಫೈಲ್. ಹೆಸರು ‘ಸೆಸ್’, ಒಂದು ಅಂಡರ್‌ಸ್ಕೋರ್, ಮುಂದೆ ಐಡಿ. ಡೆಬಿಯನ್‌ನಲ್ಲಿ ಅದರ ಜಾಗ /ವರ್/ಲಿಬ್/ಪಿಎಚ್‌ಪಿ/ಸೆಷನ್ಸ್. ಆ ಡೈರೆಕ್ಟರಿಯ ಅನುಮತಿ 1733. ಅಂದರೆ ಹೆಸರು ಗೊತ್ತಿದ್ದರೆ ಫೈಲ್ ತೆರೆಯಬಹುದು, ಹೊಸದು ಸೇರಿಸಬಹುದು, ಪಟ್ಟಿ ಮಾತ್ರ ನೋಡಲಾಗದು. ಎಲ್‌ಎಸ್ ಹೊಡೆದು ‘ಪರ್ಮಿಷನ್ ಡಿನೈಡ್’ ಬಂದರೆ ಡೈರೆಕ್ಟರಿ ಕೆಟ್ಟಿದೆ ಎಂದುಕೊಳ್ಳಬೇಡಿ, ಅದು ಬೇಕೆಂದೇ ಹಾಗಿದೆ. ಒಳಗಿನ ಫೈಲ್‌ಗಳ ಅನುಮತಿ 0600, ಒಡೆಯ ವೆಬ್ ಸರ್ವರ್‌ನ ಬಳಕೆದಾರ. ನಿಮ್ಮ ನೋಡ್ ಬೇರೆ ಬಳಕೆದಾರರ ಹೆಸರಲ್ಲಿ ಓಡುತ್ತಿದ್ದರೆ ಓದಲಾಗದು, ಓದಲಾಗಬಾರದು ಕೂಡ.

ಇಲ್ಲಿ ಹಲವರು 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ, ಹೊಡೆದುಬಿಡುತ್ತಾರೆ. ದಯವಿಟ್ಟು ಹೊಡೆಯಬೇಡಿ. ಪಟ್ಟಿ ನೋಡಬಲ್ಲ ಯಾವ ಪ್ರೊಸೆಸ್‌ಗೂ ಲಾಗಿನ್ ಆದ ಪ್ರತಿಯೊಬ್ಬರ ಐಡಿ ಸಿಕ್ಕಂತಾಗುತ್ತದೆ, ಏಕೆಂದರೆ ಐಡಿ ಫೈಲ್‌ನ ಹೆಸರಿನಲ್ಲೇ ಇದೆ. ಇನ್ನು, ಆ ಡೈರೆಕ್ಟರಿಯಲ್ಲಿ ನೋಡ್‌ನಿಂದಲೇ ಫೈಲ್ ಸೃಷ್ಟಿಸಿ ಪಿಎಚ್‌ಪಿಗೆ ಕೊಡುತ್ತೇನೆ ಎಂಬ ಯೋಚನೆ ಇದ್ದರೆ ಅದೂ ನಡೆಯದು. ಫೈಲ್‌ನ ಒಡೆಯ ತಾನೇ ಅಥವಾ ರೂಟ್ ಹೌದೇ ಎಂದು ಪಿಎಚ್‌ಪಿ ನೋಡುತ್ತದೆ, ಅಲ್ಲದಿದ್ದರೆ ಆ ಸೆಷನ್ ಒಪ್ಪುವುದಿಲ್ಲ.

ಅನುಮತಿ ಸರಿಯಿದ್ದೂ ಫೈಲ್ ಇಲ್ಲ ಎಂದು ಬಂದರೆ? ಸೇವ್ ಪಾತ್ ಖಾಲಿ ಇದ್ದರೆ ಪಿಎಚ್‌ಪಿ ಬರೆಯುವುದು /ಟಿಎಂಪಿಯಲ್ಲಿ. ಆದರೆ ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಓಡಿಸುವ ಸಿಸ್ಟಂಡಿಯ ‘ಪ್ರೈವೇಟ್‌ಟೆಂಪ್’ ಸೆಟ್ಟಿಂಗ್ ಹಾಕಿರುವ ಸರ್ವಿಸ್‌ಗೆ ಕಾಣುವ /ಟಿಎಂಪಿಯೇ ಬೇರೆ. ಡೆಬಿಯನ್‌ನ ಅಪಾಚೆಗೆ ಅದು ಹಾಕಿಯೇ ಬರುತ್ತದೆ. ಪಿಎಚ್‌ಪಿ ‘/ಟಿಎಂಪಿಯಲ್ಲಿ ಬರೆದಿದ್ದೇನೆ’ ಎನ್ನುತ್ತದೆ, ನೀವು ಹೋಗಿ ನೋಡಿದರೆ ಅಲ್ಲಿ ಏನೂ ಇಲ್ಲ. ಇಬ್ಬರೂ ಹೇಳುತ್ತಿರುವುದು ನಿಜವೇ. ಹೊರಗಿನಿಂದ ನೋಡಿದರೆ ಅದು /ಟಿಎಂಪಿಯೊಳಗೆ ‘ಸಿಸ್ಟಂಡಿ-ಪ್ರೈವೇಟ್’ ಎಂದು ಶುರುವಾಗುವ ಉದ್ದ ಹೆಸರಿನ ಡೈರೆಕ್ಟರಿಯೊಳಗಿದೆ, ಸರ್ವಿಸ್ ಮತ್ತೆ ಶುರುವಾದರೆ ಆ ಹೆಸರೂ ಬದಲಾಗುತ್ತದೆ. ಅದರ ಬೆನ್ನು ಹತ್ತಬೇಡಿ, ಸೇವ್ ಪಾತ್ ಅನ್ನೇ ಒಂದು ಸ್ಥಿರ ಜಾಗಕ್ಕೆ ಬದಲಿಸಿ.

ಡಾಕರ್‌ನಲ್ಲಿಯೂ ಇದೇ ಕಥೆ. ಎರಡು ಕಂಟೈನರ್‌ಗಳ ನಡುವೆ ವಾಲ್ಯೂಮ್ ಹಂಚಿಕೊಂಡ ಮೇಲೂ ಅನುಮತಿ ದೋಷ ಬಂದರೆ ಯುಐಡಿ (ಬಳಕೆದಾರರ ಸಂಖ್ಯೆ) ನೋಡಿ. ವೆಬ್ ಸರ್ವರ್‌ನ ಬಳಕೆದಾರರ ಹೆಸರು ಎರಡೂ ಕಡೆ ಒಂದೇ ಇರಬಹುದು, ಸಂಖ್ಯೆ ಡೆಬಿಯನ್ ಇಮೇಜ್‌ನಲ್ಲಿ 33, ಆಲ್ಪೈನ್‌ನಲ್ಲಿ 82. ಕರ್ನೆಲ್ ನೋಡುವುದು ಸಂಖ್ಯೆಯನ್ನು.

ಒಂದು ಸಲ ಸಿಗುತ್ತದೆ, ರಿಫ್ರೆಶ್ ಮಾಡಿದರೆ ಸಿಗುವುದಿಲ್ಲ, ಮತ್ತೆ ಸಿಗುತ್ತದೆ ಎಂಬ ಲಕ್ಷಣ ಇದ್ದರೆ, ಲೋಡ್ ಬ್ಯಾಲೆನ್ಸರ್ ಹಿಂದೆ ಎಷ್ಟು ಯಂತ್ರಗಳಿವೆ ಎಂದು ಕೇಳಿ. ಫೈಲ್ ಒಂದು ಯಂತ್ರದಲ್ಲಿ, ರಿಕ್ವೆಸ್ಟ್ ಇನ್ನೊಂದರಲ್ಲಿ ಇದ್ದಾಗ ಹೀಗಾಗುತ್ತದೆ.

ಸೆಷನ್‌ಗಳನ್ನು ಫೈಲ್ ಬದಲು ರೆಡಿಸ್ ಎಂಬ ಡೇಟಾಬೇಸ್‌ನಲ್ಲಿ ಇಟ್ಟಿದ್ದರೆ ತೊಂದರೆಗಳು ಕಡಿಮೆ, ಆದರೂ ಎರಡು ಇವೆ. ಕೀಲಿಗೆ ಪಿಎಚ್‌ಪಿರೆಡಿಸ್ ಎಕ್ಸ್‌ಟೆನ್ಷನ್ ತನ್ನದೇ ಪೂರ್ವಪದ ಅಂಟಿಸುತ್ತದೆ. ದೊಡ್ಡಕ್ಷರಗಳಲ್ಲಿ ‘ಪಿಎಚ್‌ಪಿರೆಡಿಸ್_ಸೆಷನ್’, ಒಂದು ಕೋಲನ್, ಆಮೇಲೆ ಐಡಿ. ಬರೀ ಐಡಿಯನ್ನೇ ಗೆಟ್ ಮಾಡಿದರೆ ಏನೂ ಬರದು. ಎರಡನೆಯದು ಡೇಟಾಬೇಸ್ ಸಂಖ್ಯೆ. ಪಿಎಚ್‌ಪಿ 1ರಲ್ಲಿ ಬರೆಯುತ್ತಿರಬಹುದು, ನೀವು ಡೀಫಾಲ್ಟ್ ಆದ 0ಯಲ್ಲಿ ಹುಡುಕುತ್ತಿರಬಹುದು. ಕೀಲಿಗೆ ಉಳಿದ ಅವಧಿ ಹೇಳುವ ಟಿಟಿಎಲ್ ಆಜ್ಞೆಯಿಂದ ಬೇಗ ಗೊತ್ತಾಗುತ್ತದೆ. ಉತ್ತರ ಮೈನಸ್ 2 ಬಂದರೆ ಅಂಥ ಕೀಲಿ ಈ ಡೇಟಾಬೇಸ್‌ನಲ್ಲಿ ಇಲ್ಲ, ಮೈನಸ್ 1 ಬಂದರೆ ಕೀಲಿ ಇದೆ ಆದರೆ ಅವಧಿ ಹಾಕಿಲ್ಲ. ಜನ ಬಳಸುತ್ತಿರುವ ಸರ್ವರ್‌ನಲ್ಲಿ ಕೀಸ್ ಆಜ್ಞೆ ಹೊಡೆಯಬೇಡಿ, ಸ್ಕ್ಯಾನ್ ಬಳಸಿ.

ಯಾವ ರೂಪದಲ್ಲಿ ಬರೆದಿದೆ?

ನಮ್ಮ ದೋಷ ಇದ್ದದ್ದು ಇಲ್ಲಿ. ಐಡಿ ಸರಿ, ಫೈಲ್ ಸಿಕ್ಕಿದೆ, ಓದಲೂ ಆಗುತ್ತಿದೆ, ಆದರೂ ಒಳಗಿನದು ಅರ್ಥವಾಗುತ್ತಿಲ್ಲ ಎಂಬ ಹಂತ.

ಫೈಲನ್ನು ಎಡಿಟರ್‌ನಲ್ಲಿ ತೆರೆಯಬೇಡಿ. ಹೆಕ್ಸ್ ಡಂಪ್ ತೆಗೆದು ಮೊದಲ ಕೆಲವು ಬೈಟ್ ನೋಡಿ. ಕೀಲಿಯ ಹೆಸರು, ಕೂಡಲೇ ಒಂದು ಲಂಬ ಗೆರೆ, ಆಮೇಲೆ ಮೌಲ್ಯ, ಹೀಗಿದ್ದರೆ ಅದು ‘ಪಿಎಚ್‌ಪಿ’ ಎಂಬ ಡೀಫಾಲ್ಟ್ ಸೀರಿಯಲೈಜ್ ಹ್ಯಾಂಡ್ಲರ್. ‘ಎ’ ಅಕ್ಷರ, ಕೋಲನ್, ಒಂದು ಸಂಖ್ಯೆ, ಹೀಗೆ ಶುರುವಾದರೆ ‘ಪಿಎಚ್‌ಪಿ_ಸೀರಿಯಲೈಜ್’. ಮೂರು ಸೊನ್ನೆ ಬೈಟ್, ನಾಲ್ಕನೆಯದು 2 ಎಂದಿದ್ದರೆ ಇಗ್‌ಬೈನರಿ, ಅದಕ್ಕೆ ಅದರದೇ ಲೈಬ್ರರಿ ಬೇಕು.

ಡೀಫಾಲ್ಟ್ ರೂಪ ಬಾಯಲ್ಲಿ ಓದಿದರೆ ಹೀಗಿರುತ್ತದೆ: ಯೂಸರ್‌ಐಡಿ, ಲಂಬ ಗೆರೆ, ಐ ಕೋಲನ್ 42, ಸೆಮಿಕೋಲನ್. ಅದರ ಬೆನ್ನಿಗೇ ಹೆಸರು, ಲಂಬ ಗೆರೆ, ಎಸ್ ಕೋಲನ್ 6 ಕೋಲನ್, ಉದ್ಧರಣ ಚಿಹ್ನೆಗಳ ನಡುವೆ ಇಂಗ್ಲಿಷಿನಲ್ಲಿ ರಮೇಶ್, ಸೆಮಿಕೋಲನ್. ‘ಐ’ ಎಂದರೆ ಪೂರ್ಣಾಂಕ, ‘ಎಸ್’ ಎಂದರೆ ಪಠ್ಯ, ಎಸ್ ಮುಂದಿನ ಸಂಖ್ಯೆ ಪಠ್ಯದ ಉದ್ದ. ಇದನ್ನು ಸೆಮಿಕೋಲನ್ ಅಥವಾ ಲಂಬ ಗೆರೆ ಕಂಡಲ್ಲಿ ಕತ್ತರಿಸುವ ಕೋಡ್ ಅಂತರ್ಜಾಲದಲ್ಲಿ ಬೇಕಾದಷ್ಟಿದೆ. ಅದನ್ನು ತರಬೇಡಿ. ಬಳಕೆದಾರರು ವಿಳಾಸದಲ್ಲಿ ಒಂದು ಸೆಮಿಕೋಲನ್ ಹಾಕಿದ ದಿನ ಅದು ಮುರಿಯುತ್ತದೆ. ಸಂಖ್ಯೆ ನಂಬಿ ಅಷ್ಟೇ ದೂರ ನಡೆದು, ಅಲ್ಲಿ ಮುಚ್ಚುವ ಉದ್ಧರಣ ಚಿಹ್ನೆ ಇದೆಯೇ ನೋಡಿ, ಮುಂದೆ ಹೋಗುವುದೊಂದೇ ಸರಿಯಾದ ದಾರಿ.

ನಮ್ಮ ಪಾರ್ಸರ್ ಹಾಗೆಯೇ ನಡೆಯುತ್ತಿತ್ತು. ಆದರೆ ಹೆಜ್ಜೆ ಎಣಿಸುವುದರಲ್ಲಿ ತಪ್ಪಿತ್ತು.

ಲಕ್ಷ್ಮಿ ಎಂಬ ಹೆಸರನ್ನು ತೆಗೆದುಕೊಳ್ಳಿ. ಕಣ್ಣಿಗೆ ಎರಡೇ ಅಕ್ಷರ: ಲ, ಕ್ಷ್ಮಿ. ಯೂನಿಕೋಡ್‌ನಲ್ಲಿ ಅದು ಏಳು ಸಂಕೇತ: ಲ, ಕ, ಹಲಂತ, ಷ, ಮತ್ತೆ ಹಲಂತ, ಮ, ಗುಡಿಸು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಹಾಗಾಗಿ ಒಟ್ಟು 21 ಬೈಟ್. ಪಿಎಚ್‌ಪಿ ಎಣಿಸುವುದು ಬೈಟ್‌ಗಳನ್ನು, ಆದ್ದರಿಂದ ಅದು ಬರೆಯುವುದು ಎಸ್ ಕೋಲನ್ 21. ಜಾವಾಸ್ಕ್ರಿಪ್ಟ್‌ನ ಸ್ಟ್ರಿಂಗ್‌ಗೆ ಅದೇ ಹೆಸರಿನ ಉದ್ದ 7. ನಾವು ಇಡೀ ಫೈಲನ್ನು ಮೊದಲೇ ಯುಟಿಎಫ್-8 ಸ್ಟ್ರಿಂಗ್ ಆಗಿ ಓದಿಕೊಂಡು, ಆಮೇಲೆ 21 ಹೆಜ್ಜೆ ನಡೆಯುತ್ತಿದ್ದೆವು. ಹೆಸರಿನ 7 ಮುಗಿದ ಮೇಲೂ 14 ಬಾಕಿ. ಪಾರ್ಸರ್ ಮುಚ್ಚುವ ಉದ್ಧರಣ ಚಿಹ್ನೆ, ಸೆಮಿಕೋಲನ್, ಮುಂದಿನ ಕೀಲಿ ಎಲ್ಲವನ್ನೂ ಹೆಸರಿನೊಳಗೇ ಸೇರಿಸಿಕೊಂಡು, ಮುಂದಿನ ಮೌಲ್ಯದ ನಟ್ಟನಡುವೆ ನಿಲ್ಲುತ್ತಿತ್ತು. ಅಲ್ಲಿ ಉದ್ಧರಣ ಚಿಹ್ನೆ ಸಿಗದೆ ಎರರ್. ಎರರ್ ಬಂದರೆ ‘ಲಾಗಿನ್ ಆಗಿಲ್ಲ’ ಎಂದು ತಿಳಿಯುವಂತೆ ಕೋಡ್ ಬರೆದಿದ್ದೆವು. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ಇಂಗ್ಲಿಷ್ ಹೆಸರಿನವರಿಗೆ ಎರಡೂ ಎಣಿಕೆ ಒಂದೇ ಬರುತ್ತಿತ್ತು, ದೋಷ ಕಾಣುತ್ತಿರಲಿಲ್ಲ.

ಪರಿಹಾರ ಕಷ್ಟದ್ದಲ್ಲ. ಫೈಲನ್ನು ಬಫರ್ ಆಗಿ (ಕಚ್ಚಾ ಬೈಟ್‌ಗಳಾಗಿ) ಓದಿ, ಎನ್‌ಕೋಡಿಂಗ್ ಕೊಡಬೇಡಿ. ಬೈಟ್ ಲೆಕ್ಕದಲ್ಲೇ ನಡೆದು, ಒಂದು ಮೌಲ್ಯವನ್ನು ಪೂರ್ತಿ ಕತ್ತರಿಸಿಕೊಂಡ ಮೇಲೆ ಅದೊಂದನ್ನು ಮಾತ್ರ ಯುಟಿಎಫ್-8ಗೆ ಬಿಡಿಸಿ. ರೆಡಿಸ್‌ನಿಂದ ಓದುವುದಾದರೆ ಐಒರೆಡಿಸ್‌ನಲ್ಲಿ ಗೆಟ್ ಬದಲು ಗೆಟ್‌ಬಫರ್ ಬಳಸಿ. ಪೈಥಾನ್‌ನ ರೆಡಿಸ್ ಲೈಬ್ರರಿಯಲ್ಲಿ ಡಿಕೋಡ್_ರೆಸ್ಪಾನ್ಸಸ್ ಆಯ್ಕೆಯನ್ನು ಹಾಕದೆ ಬಿಡಿ, ಬೈಟ್ಸ್ ಆಗಿಯೇ ಬರುತ್ತದೆ. ಕಣ್ಣಿಗೆ ಕಾಣದ ಸಂಕೇತಗಳನ್ನು ಪಾರ್ಸ್ ಮಾಡುವ ಮೊದಲು ‘ಸ್ವಚ್ಛ’ಗೊಳಿಸುವ ಕೋಡ್ ಇದ್ದರೆ ತೆಗೆದುಹಾಕಿ. ‘ರಾಜ್‌ಕುಮಾರ್’ ಎಂದು ಜಕಾರವನ್ನು ಒತ್ತಕ್ಷರವಾಗದಂತೆ ಬರೆದಾಗ ನಡುವೆ ಒಂದು ಕಾಣದ ಸಂಕೇತ ಕೂತಿರುತ್ತದೆ, ಅದೂ 3 ಬೈಟ್. ಅದನ್ನು ಮೊದಲೇ ಕಿತ್ತರೆ 33 ಎಂದು ಬರೆದಿರುವ ಕಡೆ 30 ಉಳಿಯುತ್ತದೆ.

ದೋಷ ಇನ್ನೂ ಸಿಕ್ಕಿರದ ಮೊದಲ ದಿನ, ಹೆಸರನ್ನು ಇಂಗ್ಲಿಷಿನಲ್ಲೇ ಇಟ್ಟುಕೊಳ್ಳಿ ಎಂದು ಬಳಕೆದಾರರಿಗೆ ಹೇಳಿಬಿಡೋಣ ಎಂಬ ಸಲಹೆ ಬಂದಿತ್ತು. ನಾನು ಒಪ್ಪಲಿಲ್ಲ. ತಮ್ಮ ಹೆಸರನ್ನು ತಮ್ಮ ಲಿಪಿಯಲ್ಲಿ ಬರೆದದ್ದಕ್ಕೆ ಯಾರೂ ಹೊರಗೆ ನಿಲ್ಲಬಾರದು. ನೀವು ಈ ಬಗೆಯ ಕೋಡ್ ಬರೆಯುವುದಾದರೆ ಪರೀಕ್ಷೆಯ ಮೊದಲ ಹೆಸರೇ ಒತ್ತಕ್ಷರವಿರುವ ಕನ್ನಡ ಹೆಸರಾಗಿರಲಿ.

ಪಾರ್ಸರ್ ಬರೆಯುವ ತೊಂದರೆಯೇ ಬೇಡವೆಂದರೆ ಹ್ಯಾಂಡ್ಲರ್ ಅನ್ನು ‘ಪಿಎಚ್‌ಪಿ_ಸೀರಿಯಲೈಜ್’ಗೆ ಬದಲಿಸಬಹುದು; 5.5.4ರಿಂದ ಇದೆ, ಅದನ್ನು ಬಿಡಿಸುವ ಲೈಬ್ರರಿಗಳು ಬಹುತೇಕ ಎಲ್ಲ ಭಾಷೆಗಳಲ್ಲಿವೆ. ಬದಲಿಸುವಾಗ ಆ ಸೆಷನ್‌ಗಳನ್ನು ಬಳಸುವ ಎಲ್ಲ ಪಿಎಚ್‌ಪಿ ಆಪ್‌ಗಳಲ್ಲೂ ಒಟ್ಟಿಗೇ ಬದಲಿಸಿ, ಹಳೆಯ ಸೆಷನ್‌ಗಳನ್ನು ಅಳಿಸಿ. ಒಂದು ಆಪ್ ಒಂದು ರೂಪದಲ್ಲಿ ಬರೆದು ಇನ್ನೊಂದು ಬೇರೆ ರೂಪವೆಂದುಕೊಂಡು ಓದಿದರೆ, ಯಾರೋ ಫಾರ್ಮ್‌ನಲ್ಲಿ ತುಂಬಿದ ಪಠ್ಯದೊಳಗಿನ ಲಂಬ ಗೆರೆಯಾಚೆಗಿನದು ಆಬ್ಜೆಕ್ಟ್ ಆಗಿ ಜೀವ ತಳೆಯಬಹುದು. ಇದು ದಾಳಿಕೋರರಿಗೆ ಚೆನ್ನಾಗಿ ಗೊತ್ತಿರುವ ದಾರಿ.

ಆಬ್ಜೆಕ್ಟ್ ಎಂದರೆ ನೆನಪಾಯಿತು. ಫೈಲ್‌ನಲ್ಲಿ ದೊಡ್ಡ ‘ಓ’ ಅಕ್ಷರ, ಕೋಲನ್, ಸಂಖ್ಯೆ, ಕ್ಲಾಸ್ ಹೆಸರು ಕಂಡರೆ ಯಾರೋ ಇಡೀ ಆಬ್ಜೆಕ್ಟನ್ನೇ ಸೆಷನ್‌ಗೆ ಹಾಕಿದ್ದಾರೆ. ಅದರ ಪ್ರೈವೇಟ್ ಗುಣಗಳ ಹೆಸರಿನಲ್ಲಿ ಕ್ಲಾಸ್ ಹೆಸರಿನ ಎರಡೂ ಬದಿ ಸೊನ್ನೆ ಬೈಟ್ ಇರುತ್ತದೆ, ಉದ್ದದ ಸಂಖ್ಯೆ ಅವನ್ನೂ ಎಣಿಸಿರುತ್ತದೆ. ಓದುವ ಆಪ್ ಕೂಡ ಪಿಎಚ್‌ಪಿಯೇ ಆಗಿದ್ದು ಆ ಕ್ಲಾಸ್ ಅಲ್ಲಿ ಇಲ್ಲದಿದ್ದರೆ ‘ಇನ್‌ಕಂಪ್ಲೀಟ್ ಕ್ಲಾಸ್’ ಎಂಬ ಅರೆಬರೆ ವಸ್ತು ಕೈಗೆ ಬರುತ್ತದೆ. ಎರಡು ಆಪ್‌ಗಳು ಹಂಚಿಕೊಳ್ಳುವ ಸೆಷನ್‌ನಲ್ಲಿ ಸಂಖ್ಯೆ ಮತ್ತು ಪಠ್ಯ ಮಾತ್ರ ಇರಲಿ.

ಗಳಿಗೆ ಮತ್ತು ಬೀಗ

ಪಿಎಚ್‌ಪಿ ಸೆಷನ್ ಬರೆಯುವುದು ರಿಕ್ವೆಸ್ಟ್ ಮುಗಿಯುವಾಗ. ಕೋಡ್‌ನಲ್ಲಿ ಮೌಲ್ಯ ಹಾಕಿದ ಸಾಲಿನಲ್ಲೇ ಫೈಲ್‌ಗೆ ಹೋಗುವುದಿಲ್ಲ. ಪಿಎಚ್‌ಪಿ ಪುಟವೊಂದು ಲಾಗಿನ್ ಮೌಲ್ಯ ಹಾಕಿ, ತಾನಿನ್ನೂ ಓಡುತ್ತಿರುವಾಗಲೇ ಕರ್ಲ್ ಮೂಲಕ ನೋಡ್ ಅನ್ನು ಕರೆದರೆ, ನೋಡ್ ತೆರೆಯುವ ಫೈಲ್‌ನಲ್ಲಿ ಹಳೆಯದೇ ಇರುತ್ತದೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸೆಷನ್ ಶುರುವಾದ ಗಳಿಗೆಯಿಂದ ಮುಗಿಯುವವರೆಗೆ ಪಿಎಚ್‌ಪಿ ಆ ಫೈಲ್‌ಗೆ ಬೀಗ ಹಾಕಿರುತ್ತದೆ. ಪಿಎಚ್‌ಪಿ ನೋಡ್ ಅನ್ನು ಕರೆದು ಕಾಯುತ್ತಿದೆ. ನೋಡ್ ಅದೇ ಕುಕಿ ಹಿಡಿದು ಪಿಎಚ್‌ಪಿಯ ಇನ್ನೊಂದು ಪುಟ ಕರೆಯುತ್ತದೆ. ಆ ಪುಟ ಬೀಗ ಬಿಡಲಿ ಎಂದು ಕಾಯುತ್ತದೆ. ಮೂವರೂ ಒಬ್ಬರಿಗೊಬ್ಬರು ಕಾಯುತ್ತ ಕೂರುತ್ತಾರೆ. ಲಿನಕ್ಸ್‌ನಲ್ಲಿ ಹೀಗೆ ಕಾಯುವ ಹೊತ್ತು ಪಿಎಚ್‌ಪಿಯ ಎಕ್ಸಿಕ್ಯೂಷನ್ ಮಿತಿಯ ಲೆಕ್ಕಕ್ಕೆ ಸೇರದು, ಹಾಗಾಗಿ ಅದೂ ಬಿಡಿಸುವುದಿಲ್ಲ. ಎಂಜಿನ್‌ಎಕ್ಸ್ ವೆಬ್ ಸರ್ವರ್ ಮುಂದಿದ್ದರೆ ಅದರ ಡೀಫಾಲ್ಟ್ 60 ಸೆಕೆಂಡ್ ಆದ ಮೇಲೆ 504 (ಹೊತ್ತಿನೊಳಗೆ ಉತ್ತರ ಬರಲಿಲ್ಲ ಎಂಬ ದೋಷ) ಬರುತ್ತದೆ. ಲಾಗ್‌ನಲ್ಲಿ ಸರಿಯಾಗಿ 60 ಸೆಕೆಂಡಿಗೆ ಬೀಳುವ 504ಗಳು ಕಂಡರೆ ಇದನ್ನು ಮೊದಲು ನೋಡಿ. ಹೊರಗಿನ ಕರೆ ಮಾಡುವ ಮುಂಚೆ ಸೆಷನ್_ರೈಟ್_ಕ್ಲೋಸ್ ಕರೆದರೆ ಡೇಟಾ ಬರೆದು ಬೀಗವೂ ಬಿಡುತ್ತದೆ, ಎರಡೂ ದೋಷ ಒಂದೇ ಸಾಲಿನಲ್ಲಿ ಹೋಗುತ್ತವೆ.

ಇನ್ನು ಅವಧಿ. ಜಿಸಿ ಮ್ಯಾಕ್ಸ್ ಲೈಫ್‌ಟೈಮ್‌ನ ಡೀಫಾಲ್ಟ್ 1440 ಸೆಕೆಂಡ್, ಅಂದರೆ 24 ನಿಮಿಷ. ಫೈಲ್ ಕೊನೆಯ ಸಲ ಬದಲಾದ ಹೊತ್ತಿನಿಂದ ಲೆಕ್ಕ. ನೋಡ್‌ನಿಂದ ಎಷ್ಟು ಸಲ ಓದಿದರೂ ಆ ಹೊತ್ತು ಮುಂದಕ್ಕೆ ಹೋಗದು, ರೆಡಿಸ್‌ನ ಟಿಟಿಎಲ್ ಕೂಡ ಬರೀ ಗೆಟ್‌ನಿಂದ ಹೆಚ್ಚದು. ಬಳಕೆದಾರರು ಅರ್ಧ ಗಂಟೆ ನಿಮ್ಮ ಹೊಸ ಆಪ್‌ನಲ್ಲೇ ಕೆಲಸ ಮಾಡಿ ಪೋರ್ಟಲ್‌ಗೆ ಮರಳಿದರೆ ಲಾಗಿನ್ ಪುಟ ಎದುರಾಗುತ್ತದೆ. ಡೆಬಿಯನ್‌ನಲ್ಲಿ ಹಳೆಯ ಫೈಲ್‌ಗಳನ್ನು ಅಳಿಸುವುದು ಪಿಎಚ್‌ಪಿಯಲ್ಲ, ಅರ್ಧ ಗಂಟೆಗೊಮ್ಮೆ ಬರುವ ಟೈಮರ್. ಅದಕ್ಕೇ ಕೆಲವರು 25ನೇ ನಿಮಿಷಕ್ಕೆ, ಕೆಲವರು 50ನೇ ನಿಮಿಷಕ್ಕೆ ಹೊರಬೀಳುತ್ತಾರೆ, ದೋಷಕ್ಕೆ ತಾಳಮೇಳ ಇಲ್ಲದಂತೆ ಕಾಣುತ್ತದೆ.

ಪಿಎಚ್‌ಪಿಯ ಮಾಮೂಲಿ ಸೆಷನ್ ಅಲ್ಲದಿದ್ದರೆ

ನಾಲ್ಕು ಪ್ರಶ್ನೆಗಳು ಅವೇ, ಉತ್ತರ ಬೇರೆ. ಪಿಎಚ್‌ಪಿಯದೇ ಫ್ರೇಮ್‌ವರ್ಕ್ ಆದ ಲಾರಾವೆಲ್‌ನಲ್ಲಿ ಕುಕಿಯ ಮೌಲ್ಯವೇ ಗೂಢಲಿಪಿಯಲ್ಲಿರುತ್ತದೆ, ಅದು ಐಡಿ ಅಲ್ಲ. ನೋಡ್‌ನ ಫ್ರೇಮ್‌ವರ್ಕ್ ಎಕ್ಸ್‌ಪ್ರೆಸ್‌ನ ಕುಕಿ ಎಸ್, ಕೋಲನ್, ಐಡಿ, ಚುಕ್ಕೆ, ಸಹಿ ಎಂದಿರುತ್ತದೆ. ಸ್ಟೋರ್‌ನಲ್ಲಿ ಹುಡುಕಬೇಕಾದದ್ದು ನಡುವಿನ ಐಡಿಯನ್ನು, ಸಹಿಯನ್ನು ಪರಿಶೀಲಿಸಿಯೇ ಅದನ್ನು ನಂಬಬೇಕು. ಪೈಥಾನ್‌ನ ಫ್ರೇಮ್‌ವರ್ಕ್ ಜ್ಯಾಂಗೋದ ಸೆಷನ್ ಟೇಬಲ್‌ನಲ್ಲಿ ಡೇಟಾಗೆ ಸೀಕ್ರೆಟ್ ಕೀಯಿಂದ ಸಹಿ ಹಾಕಿರುತ್ತದೆ, 3.1ರಲ್ಲಿ ಆ ರೂಪವೂ ಬದಲಾಯಿತು. ಓದುವ ಆಸೆಗೆ ಸೀಕ್ರೆಟ್ ಕೀಯನ್ನೇ ಇನ್ನೊಂದು ಆಪ್‌ಗೆ ನಕಲು ಮಾಡಿದರೆ ಪಾಸ್‌ವರ್ಡ್ ಮರುಹೊಂದಿಕೆಯ ಕೊಂಡಿಗಳ ಸಹಿಯೂ ಆ ಆಪ್‌ನ ಕೈಗೆ ಹೋದಂತೆ.

ಕೊನೆಗೆ ನಾವು ಇಟ್ಟುಕೊಂಡದ್ದು

ಬೈಟ್ ಎಣಿಕೆ ಸರಿಮಾಡಿದ ದಿನವೇ ಕನ್ನಡ ಹೆಸರಿನವರೆಲ್ಲರ ಸೂಚನೆಗಳು ಬಂದವು. ಆದರೂ ಎರಡು ವಾರದಲ್ಲಿ ಆ ಪಾರ್ಸರ್ ತೆಗೆದುಹಾಕಿದೆವು. ಪೋರ್ಟಲ್‌ನಲ್ಲಿ ಯಾರಾದರೂ ಸೆಷನ್‌ಗೆ ಹೊಸ ಬಗೆಯ ಮೌಲ್ಯ ಹಾಕಿದರೆ ನಮ್ಮ ಕಡೆ ಒಡೆಯುವ ಸ್ಥಿತಿ ಉಳಿದಿತ್ತು. ಈಗ ಪಿಎಚ್‌ಪಿ ಕಡೆ ಒಂದು ಪುಟ್ಟ ಪುಟ ಇದೆ, 127.0.0.1ರಿಂದ ಬಂದ ಕರೆಗೆ ಮಾತ್ರ ಉತ್ತರಿಸುತ್ತದೆ. ನೋಡ್ ತನಗೆ ಬಂದ ಕುಕಿಯನ್ನು ಅದಕ್ಕೆ ದಾಟಿಸುತ್ತದೆ. ಆ ಪುಟ ಸೆಷನ್ ಅನ್ನು ರೀಡ್_ಅಂಡ್_ಕ್ಲೋಸ್ ಆಯ್ಕೆಯೊಂದಿಗೆ ತೆರೆದು, ಬಳಕೆದಾರ ಸಂಖ್ಯೆ ಮತ್ತು ಪಾತ್ರ ಎರಡನ್ನು ಮಾತ್ರ ಜೇಸನ್ ಆಗಿ ಕೊಡುತ್ತದೆ. ಬೀಗ ತಕ್ಷಣ ಬಿಡುತ್ತದೆ. ಸ್ಟ್ರಿಕ್ಟ್ ಮೋಡ್ ಹಾಕಿದ್ದೇವೆ, ಇಲ್ಲದಿದ್ದರೆ ಯಾರೋ ಕಳಿಸಿದ ಸುಳ್ಳು ಐಡಿಯನ್ನೇ ಪಿಎಚ್‌ಪಿ ಹೊಸ ಸೆಷನ್‌ನ ಐಡಿಯಾಗಿ ಒಪ್ಪಿಕೊಳ್ಳುತ್ತದೆ. ನೋಡ್ ಆ ಉತ್ತರವನ್ನು 10 ಸೆಕೆಂಡ್ ನೆನಪಿಟ್ಟುಕೊಳ್ಳುತ್ತದೆ. ಲಾಗೌಟ್ ಆದವರು ಹೆಚ್ಚೆಂದರೆ ಅಷ್ಟು ಹೊತ್ತು ಒಳಗಿರುತ್ತಾರೆ. ರೀಡ್_ಅಂಡ್_ಕ್ಲೋಸ್ ಅವಧಿಯನ್ನು ಮುಂದೂಡುವುದಿಲ್ಲವಾದ್ದರಿಂದ, ಬಳಕೆದಾರರು ಹೊಸ ಆಪ್‌ನಲ್ಲಿ ಸಕ್ರಿಯರಾಗಿರುವಾಗ 5 ನಿಮಿಷಕ್ಕೊಮ್ಮೆ ಸೆಷನ್ ಅನ್ನು ಮಾಮೂಲಿನಂತೆ ತೆರೆಯುವ ಇನ್ನೊಂದು ಕರೆ ಹೋಗುತ್ತದೆ.

ನೇರವಾಗಿ ಓದುವುದೇ ಅನಿವಾರ್ಯವಾದರೆ ರೆಡಿಸ್ ಬಳಸಿ. 6ನೇ ಆವೃತ್ತಿಯಿಂದ ಬಂದ ಎಸಿಎಲ್‌ನಲ್ಲಿ (ಯಾರಿಗೆ ಯಾವ ಆಜ್ಞೆ ಎಂಬ ಅನುಮತಿ ಪಟ್ಟಿ) ನೋಡ್‌ಗೆ ಬೇರೆ ಬಳಕೆದಾರರನ್ನು ಮಾಡಿ, ಸೆಷನ್ ಪೂರ್ವಪದದ ಕೀಲಿಗಳಿಗೆ ಗೆಟ್ ಒಂದನ್ನೇ ಕೊಡಿ. ಫೈಲ್‌ನಿಂದ ಓದುವುದಾದರೆ, ಕುಕಿಯಲ್ಲಿ ಬಂದ ಐಡಿಯಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಲ್ಪವಿರಾಮ, ಅಡ್ಡಗೆರೆ ಬಿಟ್ಟು ಬೇರೇನಾದರೂ ಇದ್ದರೆ ಅಲ್ಲೇ ತಿರಸ್ಕರಿಸಿ. ಎರಡು ಚುಕ್ಕೆ ಮತ್ತು ಸ್ಲ್ಯಾಶ್ ಇರುವ ‘ಐಡಿ’ ನಿಮ್ಮನ್ನು ಇನ್ಯಾವುದೋ ಡೈರೆಕ್ಟರಿಗೆ ಕರೆದೊಯ್ಯುತ್ತದೆ.

ಕೆಲಸ ಮುಗಿದ ಮೇಲೆ ಆ ತಾತ್ಕಾಲಿಕ ಪುಟವನ್ನು ಅಳಿಸಿ. ಕುಕಿ ಹೆಡರ್ ಮುದ್ರಿಸಲು ಹಾಕಿದ ಲಾಗ್ ಸಾಲುಗಳನ್ನು ಕೋಡ್‌ನಿಂದ ತೆಗೆಯಿರಿ, ಈಗಾಗಲೇ ಲಾಗ್ ಫೈಲ್‌ಗೆ ಬಿದ್ದ ಐಡಿಗಳನ್ನೂ ಅಳಿಸಿ, ಪರೀಕ್ಷೆಗೆ ಬಳಸಿದ ಖಾತೆಯಿಂದ ಒಮ್ಮೆ ಲಾಗೌಟ್ ಆಗಿ. ಹಾಳೆಯ ಮೇಲೆ ಬರೆದುಕೊಂಡ ಆರು ಸಾಲುಗಳಲ್ಲಿ ಐಡಿಯನ್ನು ಹೊಡೆದುಹಾಕಿ, ಉಳಿದ ಐದನ್ನು ಪ್ರಾಜೆಕ್ಟ್‌ನ ರೀಡ್‌ಮಿ ಫೈಲ್‌ಗೆ ಸೇರಿಸಿ.